ಶುಗರ್ ಇದೆ, ಆಪರೇಷನ್ ಮಾಡಿಸಬಹುದಾ?

  

ಇವತ್ತಿನ ವಿಷಯವನ್ನು ನಮ್ಮ ಮನೆಯಿಂದಲೇ ಶುರು ಮಾಡ್ತೀನಿ. ಎರಡು ವರ್ಷದ ಹಿಂದಿನ ಮಾತು. ಅಮ್ಮನಿಗೆ ಆಗ 57 ವರ್ಷ, ಶುಗರ್ ಬಂದು 11 ವರ್ಷ ಆಗಿತ್ತು. ಪಿತ್ತಕೋಶದಲ್ಲಿ ಕಲ್ಲು. ಊಟ ಆದ ಮೇಲೆ ಬಲಪಕ್ಕೆಯ ಕೆಳಗೆ ಹಿಡಿದುಕೊಂಡ ಹಾಗೆ ನೋವು, ವಾಂತಿ ಬಂದ ಹಾಗೆ. ಮೂರನೇ ಸಲ ಹಾಗಾದಾಗ ಸರ್ಜನ್, ‘ತೆಗೆಸಿಬಿಡಿ, ಲ್ಯಾಪ್ರೊಸ್ಕೋಪಿಯಲ್ಲಿ ಮಾಡೋಣ, ಸಣ್ಣ ಸಣ್ಣ ತೂತು ಅಷ್ಟೇ’ ಅಂದರು. ದಿನ ಗೊತ್ತಾಯ್ತು. ನಾನು ಬೆಂಗಳೂರಿಂದ ರಾತ್ರಿ ಬಸ್ಸಿಗೆ ಊರಿಗೆ ಹೋದೆ. ಚಿಕ್ಕಪ್ಪ ಎರಡು ದಿನ ರಜೆ ಹಾಕಿದ್ರು. ಅಡ್ವಾನ್ಸ್ ಕಟ್ಟಿ ಆಗಿತ್ತು.

ಬೆಳಿಗ್ಗೆ ಆರೂವರೆಗೆ ಅಮ್ಮ ಹಸಿರು ಗೌನ್ ಹಾಕ್ಕೊಂಡು ಮಂಚದ ಮೇಲೆ ಕೂತಿದ್ಲು. ನರ್ಸ್ ಬಂದು ಬೆರಳು ಚುಚ್ಚಿದ್ರು. 318. ಇನ್ನೊಂದು ಬೆರಳು ಚುಚ್ಚಿದ್ರು. 311. ಅರ್ಧ ಗಂಟೆ ಬಿಟ್ಟು ಅನಸ್ತೇಷಿಯಾ ಡಾಕ್ಟರ್ ಬಂದು ಫೈಲ್ ನೋಡಿ, ‘ಇವತ್ತು ಬೇಡಮ್ಮ’ ಅಂದರು. ಚಿಕ್ಕಪ್ಪ ಜಗಳಕ್ಕೇ ನಿಂತ್ರು. ‘ಒಂದು ಇನ್ಸುಲಿನ್ ಇಂಜೆಕ್ಷನ್ ಕೊಟ್ಟು ಇಳಿಸಿಕೊಂಡು ಮಾಡಿ ಸಾರ್, ಅಷ್ಟಕ್ಕೆ ವಾಪಸ್ ಕಳಿಸೋದಾ?’ ನಿಜ ಹೇಳಬೇಕೂಂದ್ರೆ ನನಗೂ ಸಿಟ್ಟು ಬಂದಿತ್ತು. ಆಸ್ಪತ್ರೆಯವರ ಸೋಮಾರಿತನ ಅನ್ನಿಸಿತ್ತು.

ಆ ಡಾಕ್ಟರ್ ಮಾಡಿದ್ದು ಸರಿ ಅಂತ ನನಗೆ ಅರ್ಥ ಆಗಿದ್ದು ಆಮೇಲೆ. ಈ ಸಂಚಿಕೆ ಅದರ ಬಗ್ಗೆ.

ಮೊದಲು ಒಂದು ತಪ್ಪು ತಿಳಿವಳಿಕೆ ಬಿಡಿಸೋಣ. ‘ಶುಗರ್ ಇದ್ದವರಿಗೆ ಆಪರೇಷನ್ ಮಾಡಬಾರದು, ಗಾಯ ವಾಸಿಯಾಗಲ್ಲ’ ಅನ್ನೋ ಮಾತು ಹಳ್ಳಿಯಲ್ಲೂ ಇದೆ, ಅಪಾರ್ಟ್‌ಮೆಂಟ್ ವಾಟ್ಸಾಪ್ ಗ್ರೂಪಲ್ಲೂ ಇದೆ. ಒಂದು ಕಾಲದಲ್ಲಿ ಅದು ಹೆಚ್ಚುಕಡಿಮೆ ನಿಜವೇ ಆಗಿತ್ತು. ಮನುಷ್ಯನಿಗೆ ಇನ್ಸುಲಿನ್ ಇಂಜೆಕ್ಷನ್ ಮೊದಲು ಕೊಟ್ಟಿದ್ದು 1922ರಲ್ಲಿ, ಕೆನಡಾದ ಟೊರಾಂಟೊದಲ್ಲಿ. ಅದಕ್ಕೂ ಮುಂಚೆ ಸಕ್ಕರೆ ಕಾಯಿಲೆಯವರ ಮೈಮೇಲೆ ಚಾಕು ಇಡಲು ಸರ್ಜನ್‌ಗಳು ಹೆದರುತ್ತಿದ್ದರು. ಈಗ ಹಾಗಿಲ್ಲ. ಕಣ್ಣಿನ ಪೊರೆಯಿಂದ ಹಿಡಿದು ಹೃದಯದ ಬೈಪಾಸ್‌ವರೆಗೆ ಶುಗರ್ ಇರುವವರಿಗೆ ದಿನಾ ಆಪರೇಷನ್ ನಡೀತಾನೇ ಇದೆ. ಐಸಿಎಂಆರ್ ನೆರವಿನಲ್ಲಿ ನಡೆದು 2023ರಲ್ಲಿ ಪ್ರಕಟವಾದ ದೊಡ್ಡ ಸಮೀಕ್ಷೆಯ ಅಂದಾಜಿನ ಪ್ರಕಾರ ನಮ್ಮ ದೇಶದಲ್ಲಿ ಸುಮಾರು 10 ಕೋಟಿ ಜನರಿಗೆ ಮಧುಮೇಹ ಇದೆ. ಅವರಿಗೆಲ್ಲ ಆಪರೇಷನ್ ಇಲ್ಲ ಅಂದ್ರೆ ನಡೆಯುತ್ತಾ?

ಅಪಾಯ ಜಾಸ್ತಿ ಇರೋದು ನಿಜ. ಆದರೆ ಅದರಲ್ಲಿ ಒಂದು ದೊಡ್ಡ ಪಾಲು, ಶುಗರ್ ಎಷ್ಟಿದೆ ಅಂತ ಗೊತ್ತಿಲ್ಲದೆ, ಯಾವ ಮಾತ್ರೆ ತಗೋತಿದ್ದಾರೆ ಅಂತ ಹೇಳದೆ ಓಟಿ ಬಾಗಿಲಿಗೆ ಬರೋದರಿಂದ ಆಗೋದು. ಆ ಪಾಲನ್ನು ಕಡಿಮೆ ಮಾಡೋದು ಮನೆಯವರ ಕೈಯಲ್ಲೂ ಇದೆ.

ಸರಿ, ಮೈಯೊಳಗೆ ಆಗೋದೇನು? ಆಪರೇಷನ್ ಅಂದ್ರೆ ದೇಹದ ಲೆಕ್ಕದಲ್ಲಿ ಅದೊಂದು ಪೆಟ್ಟು. ಆಕ್ಸಿಡೆಂಟ್ ಆದಾಗ ಹೇಗೋ ಹಾಗೇ ಕಾರ್ಟಿಸೋಲ್, ಅಡ್ರಿನಲಿನ್‌ನಂಥ ಹಾರ್ಮೋನ್‌ಗಳು ಏರುತ್ತವೆ. ಇವು ಲಿವರ್‌ನಲ್ಲಿರೋ ಸಕ್ಕರೆಯನ್ನು ರಕ್ತಕ್ಕೆ ಬಿಡಿಸುತ್ತವೆ, ಇನ್ಸುಲಿನ್ ಕೆಲಸಕ್ಕೂ ಅಡ್ಡ ಬರುತ್ತವೆ. ಶುಗರ್ ಇಲ್ಲದವರಲ್ಲೂ ಇದಾಗುತ್ತೆ, ಆದರೆ ಅವರ ಮೇದೋಜೀರಕ ಗ್ರಂಥಿ ಜಾಸ್ತಿ ಇನ್ಸುಲಿನ್ ಸುರಿಸಿ ಸಂಭಾಳಿಸುತ್ತೆ. ಮಧುಮೇಹ ಇರುವವರಲ್ಲಿ ಆ ಶಕ್ತಿ ಇರಲ್ಲ. ಅಂದ್ರೆ ಏನೂ ತಿನ್ನದೆ ಖಾಲಿ ಹೊಟ್ಟೆಯಲ್ಲಿ ಮಲಗಿದ್ರೂ ಶುಗರ್ ಏರಬಹುದು. ಆಪರೇಷನ್ ಆದ ಮೇಲೆ ವಾಂತಿ ಬರದಿರಲಿ ಅಂತ ಕೊಡುವ ಡೆಕ್ಸಾಮೆಥಸೋನ್ ಇಂಜೆಕ್ಷನ್ ಕೂಡ ಸುಮಾರು ಒಂದು ದಿನ ಶುಗರ್ ಏರಿಸುತ್ತೆ. ಮಾರನೇ ದಿನ ರೀಡಿಂಗ್ 230 ಬಂದ್ರೆ ‘ಅಮ್ಮ ಕದ್ದು ಬಿಸ್ಕತ್ ತಿಂದ್ಲಾ’ ಅಂತ ಅನುಮಾನ ಪಡೋಕೆ ಮುಂಚೆ ಇದನ್ನ ನೆನಪಿಟ್ಕೊಳ್ಳಿ.

ಏರಿದ್ರೆ ಏನಾಗುತ್ತೆ? ರೋಗಾಣುಗಳನ್ನು ಹಿಡಿದು ತಿನ್ನುವ ಬಿಳಿ ರಕ್ತಕಣಗಳು ಸಕ್ಕರೆ ತುಂಬಿದ ರಕ್ತದಲ್ಲಿ ಮಂಕಾಗುತ್ತವೆ. ಗಾಯವನ್ನು ಕೂಡಿಸುವ ಕೊಲಾಜೆನ್ ಎಂಬ ನಾರು ಸರಿಯಾಗಿ ಹೆಣೆದುಕೊಳ್ಳಲ್ಲ. ವರ್ಷಗಟ್ಟಲೆ ಶುಗರ್ ಇದ್ದವರ ಸಣ್ಣ ರಕ್ತನಾಳಗಳು ಮೊದಲೇ ಕೆಟ್ಟಿರುತ್ತವೆ, ಗಾಯಕ್ಕೆ ಬೇಕಾದಷ್ಟು ರಕ್ತವೂ ಆಮ್ಲಜನಕವೂ ಹೋಗಿ ಮುಟ್ಟಲ್ಲ. ಹೀಗಾಗಿ ಹೊಲಿಗೆ ಬಿಟ್ಟುಕೊಳ್ಳೋದು, ಕೀವಾಗೋದು, ವಾಸಿಯಾಗೋಕೆ ತಡ ಆಗೋದು.

ಹಾಗಾದ್ರೆ ಒಂದು ಇಂಜೆಕ್ಷನ್‌ನಲ್ಲಿ ಇಳಿಸಿ ಮಾಡಬಹುದಿತ್ತಲ್ಲ? ಚಿಕ್ಕಪ್ಪನ ಪ್ರಶ್ನೆ ಅದೇ ಆಗಿತ್ತು. ಆವತ್ತೇ ಅಮ್ಮನ ರಕ್ತ ತೆಗೆದು ಎಚ್‌ಬಿಎ1ಸಿ ಮಾಡಿಸಿದ್ರು. ಈ ಟೆಸ್ಟ್ ಹಿಂದಿನ ಎರಡು ಮೂರು ತಿಂಗಳಲ್ಲಿ ಶುಗರ್ ಸರಾಸರಿ ಹೇಗಿತ್ತು ಅಂತ ಹೇಳುತ್ತೆ. ಕೆಂಪು ರಕ್ತಕಣದ ಆಯಸ್ಸು ಸುಮಾರು 120 ದಿನ, ಅಷ್ಟು ದಿನ ಅದಕ್ಕೆ ಅಂಟಿಕೊಂಡ ಸಕ್ಕರೆಯ ಲೆಕ್ಕ ಅದು. ಬೆರಳು ಚುಚ್ಚಿ ನೋಡೋದು ಆ ಗಳಿಗೆಯ ಫೋಟೋ. ಎಚ್‌ಬಿಎ1ಸಿ ಮೂರು ತಿಂಗಳ ಸಿಸಿಟಿವಿ. ಅಮ್ಮನದು 9.6 ಬಂತು. ಮುಂಚೆಯೇ ದಿನ ಗೊತ್ತು ಮಾಡಿ ಮಾಡುವ ಆಪರೇಷನ್‌ಗಳಿಗೆ ಸಾಧ್ಯವಾದಷ್ಟೂ ಇದು 8ಕ್ಕಿಂತ ಕಡಿಮೆ ಇರಲಿ ಅಂತ ಡಾಕ್ಟರ್‌ಗಳು ನೋಡ್ತಾರೆ. ಬೆಳಿಗ್ಗೆ ಇನ್ಸುಲಿನ್ ಕೊಟ್ಟು 318ನ್ನು 180ಕ್ಕೆ ತರಬಹುದಿತ್ತು, ಆದರೆ ತಿಂಗಳುಗಟ್ಟಲೆ ಸಕ್ಕರೆಯಲ್ಲಿ ನೆನೆದ ಮೈ ಒಂದು ಗಂಟೆಯಲ್ಲಿ ಸರಿ ಹೋಗಲ್ಲ. ರಕ್ತಹೀನತೆ ಇರುವವರಲ್ಲಿ ಈ ಟೆಸ್ಟ್ ದಾರಿ ತಪ್ಪಿಸಬಹುದು. ನಮ್ಮ ಹೆಣ್ಣುಮಕ್ಕಳಲ್ಲಿ ರಕ್ತಹೀನತೆ ಎಷ್ಟು ಸಾಮಾನ್ಯ ಅಂತ ಗೊತ್ತಲ್ಲ, ಹಾಗಾಗಿ ಹಿಮೋಗ್ಲೋಬಿನ್ ರಿಪೋರ್ಟನ್ನೂ ಜೊತೆಗಿಟ್ಟುಕೊಂಡೇ ತೋರಿಸಿ.

ಒಂದು ಮಾತು ಇಲ್ಲೇ ಹೇಳಿಬಿಡ್ತೀನಿ. ಮುಂದೂಡೋದೆಲ್ಲ ಕಾಯಬಹುದಾದ ಆಪರೇಷನ್‌ಗೆ ಮಾತ್ರ. ಅಪೆಂಡಿಕ್ಸ್ ಒಡೆಯುವಂತಿದೆ, ಕರುಳು ತೂತಾಗಿದೆ, ಕಾಲಿನ ಗಾಯ ಕೊಳೆತು ವಿಷ ಮೈಗೇರುತ್ತಿದೆ ಅಂದ್ರೆ ಶುಗರ್ 400 ಇದ್ದರೂ ಕಾಯೋ ಹಾಗಿಲ್ಲ. ಇನ್ಸುಲಿನ್ ಡ್ರಿಪ್ ಹಾಕಿಕೊಂಡೇ ಮಾಡ್ತಾರೆ. ಅಮ್ಮನಿಗೂ ವಾಪಸ್ ಕಳಿಸುವಾಗ ಹೇಳಿ ಕಳಿಸಿದ್ರು: ನೋವು ಬಿಡದೇ ಇದ್ರೆ, ಜ್ವರ ಬಂದ್ರೆ, ಕಣ್ಣು ಹಳದಿ ಆದ್ರೆ ತಕ್ಷಣ ಬನ್ನಿ, ಆಗ ಶುಗರ್ ಲೆಕ್ಕ ನೋಡಲ್ಲ ಅಂತ. ಯಾಕಂದ್ರೆ ಶುಗರ್ ಇದ್ದವರಲ್ಲಿ ಉರಿಯೂತ ಆದ ಪಿತ್ತಕೋಶ ಕೊಳೆಯುವ ಸಾಧ್ಯತೆ ಬೇರೆಯವರಿಗಿಂತ ಜಾಸ್ತಿ.

ಈಗ ಮಾತ್ರೆಗಳ ವಿಷಯ. ನನ್ನ ಪ್ರಕಾರ ಇವತ್ತಿನ ಸಂಚಿಕೆಯಲ್ಲಿ ಮುಖ್ಯವಾದ ಭಾಗ ಇದೇ.

ಆವತ್ತು 318 ಬಂದಿದ್ದು ಹೇಗೆ ಅಂತ ಅಮ್ಮನ್ನ ಕೇಳಿದ್ರೆ, ‘ಪಕ್ಕದ ಮನೆಯವರು ಆಪರೇಷನ್‌ಗೆ ಮೂರು ದಿನ ಮುಂಚೆ ಎಲ್ಲಾ ಮಾತ್ರೆ ನಿಲ್ಲಿಸ್ಬೇಕು ಅಂದ್ರು, ನಿಲ್ಲಿಸ್ದೆ ಕಣೋ’ ಅಂದಳು. ಪಕ್ಕದ ಮನೆಯವರು ಸುಮ್ಮನೆ ಹೇಳಿರಲಿಲ್ಲ, ಅವರಿಗೆ ಅವರ ಡಾಕ್ಟರ್ ಹಾಗೇ ಹೇಳಿದ್ರು. ಆದರೆ ಅದು ಒಂದು ಜಾತಿಯ ಮಾತ್ರೆಗೆ ಹೇಳಿದ ಮಾತು. ಅಮ್ಮ ಎಲ್ಲದಕ್ಕೂ ಅನ್ವಯಿಸಿಬಿಟ್ಟಿದ್ಲು. ಅಷ್ಟೇ ಅಲ್ಲ, ಅವಳು ಯಾವ ಮಾತ್ರೆ ನುಂಗುತ್ತಾಳೆ ಅಂತ ನಮ್ಮಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ‘ಬಿಳೀದು ಎರಡು, ಹಳದಿ ಒಂದು.’ ಆಸ್ಪತ್ರೆಯಲ್ಲೂ ಯಾರೂ ಬಿಡಿಸಿ ಕೇಳಿರಲಿಲ್ಲ.

ಆ ಮೂರು ದಿನದ ಜಾತಿ ಯಾವುದು ಅಂದ್ರೆ, ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್, ಕೆನಾಗ್ಲಿಫ್ಲೋಜಿನ್. ಹೆಸರಿನ ಬಾಲದಲ್ಲಿ ‘ಗ್ಲಿಫ್ಲೋಜಿನ್’ ಇರುತ್ತೆ. ಮೂತ್ರದಲ್ಲಿ ಸಕ್ಕರೆ ಹೊರಹಾಕಿಸುವ ಒಳ್ಳೆಯ ಮಾತ್ರೆಗಳು, ಹೃದಯಕ್ಕೂ ಕಿಡ್ನಿಗೂ ಅನುಕೂಲ. ಡಾಪಾಗ್ಲಿಫ್ಲೋಜಿನ್ ಪೇಟೆಂಟ್ ಇಲ್ಲಿ 2020ರಲ್ಲಿ, ಎಂಪಾಗ್ಲಿಫ್ಲೋಜಿನ್‌ನದು 2025ರ ಮಾರ್ಚ್‌ನಲ್ಲಿ ಮುಗಿದ ಮೇಲೆ ಬೆಲೆ ಇಳಿದು ಈಗ ಸಣ್ಣ ಊರಿನ ಮೆಡಿಕಲ್ ಶಾಪಲ್ಲೂ ಸಿಗುತ್ತವೆ. ತೊಂದರೆ ಏನು ಅಂದ್ರೆ, ಉಪವಾಸ ಮತ್ತು ಆಪರೇಷನ್ ಒಟ್ಟಿಗೆ ಬಂದಾಗ ಇವು ರಕ್ತವನ್ನು ಆಮ್ಲೀಯ ಮಾಡುವ ಕೀಟೋಆಸಿಡೋಸಿಸ್ ತರಬಹುದು. ಸಾಮಾನ್ಯವಾಗಿ ಆ ಸ್ಥಿತಿಯಲ್ಲಿ ಶುಗರ್ 300, 400 ಇರುತ್ತೆ, ಎಲ್ಲರೂ ಎಚ್ಚರ ಆಗ್ತಾರೆ. ಈ ಮಾತ್ರೆ ತಗೊಂಡವರಲ್ಲಿ ಶುಗರ್ 180 ತೋರಿಸುತ್ತಲೇ ಒಳಗೆ ಇದು ನಡೀತಿರಬಹುದು. ವಾಂತಿ, ಹೊಟ್ಟೆನೋವು, ಏದುಸಿರು ಕಂಡ್ರೂ ಆಪರೇಷನ್ ಆಗಿದೆಯಲ್ಲ, ಅದಕ್ಕೇ ಅಂತ ಬಿಟ್ಟುಬಿಡ್ತಾರೆ. ಅದಕ್ಕೇ ಆಪರೇಷನ್‌ಗೆ ಮೂರು ದಿನ ಮುಂಚೆ ನಿಲ್ಲಿಸೋದು. ಅರ್ಟುಗ್ಲಿಫ್ಲೋಜಿನ್ ಆದರೆ ನಾಲ್ಕು ದಿನ. ಒಂದೇ ಮಾತ್ರೆಯಲ್ಲಿ ಮೆಟ್‌ಫಾರ್ಮಿನ್ ಜೊತೆ ಸೇರಿಸಿಯೂ ಬರುತ್ತೆ, ಹಾಗಾಗಿ ಸ್ಟ್ರಿಪ್ ಹಿಂದಿನ ಸಣ್ಣ ಅಕ್ಷರ ಓದಬೇಕು.

ಮೆಟ್‌ಫಾರ್ಮಿನ್ ಒಂದೇ ಆದರೆ ಮೂರು ದಿನ ನಿಲ್ಲಿಸೋ ಅಗತ್ಯ ಸಾಮಾನ್ಯವಾಗಿ ಇಲ್ಲ, ಆಪರೇಷನ್ ದಿನ ಬಿಟ್ಟರೆ ಸಾಕು. ಗ್ಲಿಮೆಪಿರೈಡ್, ಗ್ಲಿಕ್ಲಾಜೈಡ್ ಥರದ್ದನ್ನು ಉಪವಾಸದ ಬೆಳಿಗ್ಗೆ ನುಂಗಿದ್ರೆ ಶುಗರ್ ಪಾತಾಳಕ್ಕೆ ಇಳೀಬಹುದು. ಅರಿವಳಿಕೆಯಲ್ಲಿ ಇರುವವರಿಗೆ ಬೆವರೋ ನಡುಕವೋ ಆದರೂ ಹೇಳಿಕೊಳ್ಳೋಕೆ ಆಗಲ್ಲ, ಹಾಗಾಗಿ ಓಟಿಯಲ್ಲಿ ಪದೇ ಪದೇ ಚುಚ್ಚಿ ನೋಡ್ತಾ ಇರ್ತಾರೆ. 100ರಿಂದ 180ರ ನಡುವೆ ಇದ್ದರೆ ಅವರಿಗೆ ನೆಮ್ಮದಿ. ಇನ್ಸುಲಿನ್ ತಗೋಳೋರ ಕಥೆ ಬೇರೆ. ‘ಊಟ ಇಲ್ವಲ್ಲ, ಇನ್ಸುಲಿನ್ ಯಾಕೆ’ ಅಂತ ದಿನಪೂರ್ತಿ ಕೆಲಸ ಮಾಡುವ ಇನ್ಸುಲಿನ್ ಪೂರಾ ಬಿಡಬಾರದು, ಡಾಕ್ಟರ್ ಡೋಸ್ ಕಡಿಮೆ ಮಾಡಿ ಹೇಳ್ತಾರೆ. ಟೈಪ್ 1 ಇರುವವರಂತೂ, ನಿಮ್ಮಲ್ಲೇ ಹಲವರು ಇರಬಹುದು, ಅದನ್ನು ನಿಲ್ಲಿಸಿದ್ರೆ ಜೀವಕ್ಕೇ ಅಪಾಯ.

ಇನ್ನು ಹೊಸದಾಗಿ ಬಂದಿರೋದು ತೂಕ ಇಳಿಸುವ ವಾರಕ್ಕೊಂದು ಇಂಜೆಕ್ಷನ್, ಸೆಮಾಗ್ಲುಟೈಡ್, ಟಿರ್ಜೆಪಟೈಡ್. ಇವು ಹೊಟ್ಟೆ ಖಾಲಿಯಾಗೋದನ್ನ ನಿಧಾನ ಮಾಡ್ತವೆ. ರಾತ್ರಿ ಉಂಡಿದ್ದು ಬೆಳಿಗ್ಗೆಯೂ ಹೊಟ್ಟೆಯಲ್ಲೇ ಇದ್ದು, ಪ್ರಜ್ಞೆ ಇಲ್ಲದಾಗ ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯುವ ಅಪಾಯ. 2023ರಲ್ಲಿ ಅಮೆರಿಕದ ಅರಿವಳಿಕೆ ತಜ್ಞರ ಸಂಘ ಒಂದು ವಾರ ಮುಂಚೆ ನಿಲ್ಲಿಸಿ ಅಂದಿತ್ತು. 2024ರಲ್ಲಿ ಇನ್ನೂ ಕೆಲವು ಸಂಘಗಳ ಜೊತೆ ಸೇರಿ ಅದನ್ನ ಸಡಿಲಿಸಿತು: ಎಲ್ಲರೂ ನಿಲ್ಲಿಸಬೇಕಿಲ್ಲ, ರೋಗಿಯನ್ನು ನೋಡಿ ತೀರ್ಮಾನ ಮಾಡಿ, ಬೇಕಾದವರಿಗೆ ಹಿಂದಿನ ದಿನ ಬರೀ ದ್ರವಾಹಾರ ಕೊಡಿ ಅಂತ. ಇದನ್ನ ತೂಕಕ್ಕೆ ಅಂತ ಗುಟ್ಟಾಗಿ ಹಾಕ್ಕೊಳ್ಳೋರು ಇದ್ದಾರೆ. ಅನಸ್ತೇಷಿಯಾ ಡಾಕ್ಟರ್ ಹತ್ತಿರ ಮಾತ್ರ ಗುಟ್ಟು ಬೇಡ.

ಇದೆಲ್ಲ ನೆನಪಿಡೋದು ಕಷ್ಟ, ಬೇಕಾಗೂ ಇಲ್ಲ. ಯಾವುದು ನಿಲ್ಲಿಸಬೇಕು ಅಂತ ಹೇಳೋದು ಡಾಕ್ಟರ್ ಕೆಲಸ. ನಿಮ್ಮ ಕೆಲಸ ಫೋನ್ ತೆಗೆದು ಅಪ್ಪ ಅಮ್ಮ ನುಂಗುವ ಪ್ರತಿ ಸ್ಟ್ರಿಪ್‌ನ ಹಿಂಭಾಗದ ಫೋಟೋ ಹೊಡೆಯೋದು. ಬಿಪಿ ಮಾತ್ರೆ, ರಕ್ತ ತೆಳು ಮಾಡುವ ಮಾತ್ರೆ, ಯಾರೋ ಕೊಟ್ಟ ಶುಗರ್ ಪುಡಿ, ಕಷಾಯ, ಎಲ್ಲದರದ್ದೂ. ಒಂದು ಆಲ್ಬಮ್ ಮಾಡಿ ಇಟ್ಟುಬಿಡಿ, ಆಪರೇಷನ್ ಇರಲಿ ಬಿಡಲಿ.

ಉಪವಾಸದ ಬಗ್ಗೆ ಒಂದೇ ಮಾತು. ನಮ್ಮಲ್ಲಿ ‘ಏನೂ ತಿಂದಿಲ್ಲ, ಒಂದು ಲೋಟ ಕಾಫಿ ಕುಡಿದೆ ಅಷ್ಟೇ’ ಅನ್ನೋರು ಬಹಳ. ಹಾಲು ಹಾಕಿದ ಕಾಫಿ ಅರಿವಳಿಕೆಯ ಲೆಕ್ಕದಲ್ಲಿ ಊಟವೇ, ಆರು ಗಂಟೆ ಅಂತರ ಬೇಕು. ಬರೀ ನೀರಾದರೆ ಎರಡು ಗಂಟೆ ಸಾಕು. ವರ್ಷಗಟ್ಟಲೆ ಶುಗರ್ ಇದ್ದವರಲ್ಲಿ ಹೊಟ್ಟೆಯ ನರಗಳೇ ಜಡವಾಗಿರಬಹುದು, ಅವರಿಗೆ ಡಾಕ್ಟರ್ ಇನ್ನೂ ಹೆಚ್ಚು ಹೊತ್ತು ಹೇಳಿದ್ರೆ ಪಾಲಿಸಿ. ಮತ್ತೆ, ಬೆಳಗಿನ ಮೊದಲ ಕೇಸಾಗಿ ತಗೊಳ್ಳಿ ಅಂತ ಕೇಳೋಕೆ ಸಂಕೋಚ ಬೇಡ, ಉಪವಾಸದ ಹೊತ್ತು ಕಡಿಮೆಯಾಗುತ್ತೆ. ಕಾಯ್ತಾ ಕೂತಾಗ ಬೆವರು, ತಲೆಸುತ್ತು ಬಂದ್ರೆ ಬಾಯಿಗೆ ಏನೂ ಹಾಕ್ಕೊಳ್ಳದೆ ನರ್ಸ್‌ಗೆ ಹೇಳಿ, ಡ್ರಿಪ್‌ನಲ್ಲಿ ಗ್ಲುಕೋಸ್ ಕೊಡ್ತಾರೆ.

ಅಂದ ಹಾಗೆ, ಎರಡನೇ ಸಲ ಹೋದಾಗ ಅನಸ್ತೇಷಿಯಾ ಡಾಕ್ಟರ್ ಅಮ್ಮನಿಗೆ ‘ನಮಸ್ಕಾರ ಮಾಡಿ ಅಮ್ಮ’ ಅಂದರು. ಅಮ್ಮ ಕೈ ಮುಗಿದ್ಲು. ಮರ್ಯಾದೆಗಲ್ಲ, ಅದೊಂದು ಪರೀಕ್ಷೆ. ಬಹಳ ವರ್ಷದ ಶುಗರ್‌ನಿಂದ ಕೀಲುಗಳು ಬಿಗಿಯಾದ ಕೆಲವರಿಗೆ ಎರಡು ಅಂಗೈ ಪೂರ್ತಿ ಕೂಡಲ್ಲ, ನಡುವೆ ಸಂದಿ ಉಳಿಯುತ್ತೆ. ಕೈಯ ಕೀಲು ಹಾಗಿದ್ರೆ ಕುತ್ತಿಗೆಯದೂ ಹಾಗಿರಬಹುದು, ಉಸಿರಾಟದ ಟ್ಯೂಬ್ ಹಾಕೋದು ಕಷ್ಟ ಆಗಬಹುದು ಅನ್ನೋ ಸುಳಿವು. ಇಸಿಜಿ, ಕ್ರಿಯಾಟಿನಿನ್ ಎಲ್ಲ ಕೇಳೋದೂ ಇಂಥ ಕಾರಣಕ್ಕೇ. ನರ ಮಂಕಾದವರಿಗೆ ಎದೆನೋವೇ ಇಲ್ಲದೆ ಹೃದಯಾಘಾತ ಆಗಿಹೋಗಿರಬಹುದು. ‘ಹೊಟ್ಟೆ ಆಪರೇಷನ್‌ಗೆ ಹೃದಯದ ಟೆಸ್ಟ್ ಯಾಕೆ, ಬಿಲ್ ಏರಿಸೋಕೆ’ ಅಂತ ನಮ್ಮ ಚಿಕ್ಕಪ್ಪನ ಹಾಗೆ ಅನ್ಬೇಡಿ.

ಅಮ್ಮನಿಗೆ ಇನ್ಸುಲಿನ್ ಶುರು ಮಾಡಿ, ಎರಡು ತಿಂಗಳು ಬಿಟ್ಟು ಎಚ್‌ಬಿಎ1ಸಿ 7.8 ಬಂತು. ಆಪರೇಷನ್ ಆಯ್ತು, ಮೂರನೇ ದಿನ ಮನೆಗೆ ಬಂದಳು. ಕಥೆ ಅಲ್ಲಿಗೆ ಮುಗೀಲಿಲ್ಲ.

ನೋಡೋಕೆ ಬಂದವರು ಎಳನೀರು, ಮೂಸಂಬಿ, ಬ್ರೆಡ್ಡು, ಗ್ಲುಕೋಸ್ ಬಿಸ್ಕತ್ ತಂದ್ರು. ಅಜ್ಜಿ ಬದನೆಕಾಯಿ, ಕಡ್ಲೆಕಾಯಿ, ಮೊಟ್ಟೆ, ಬೇಳೆ ಎಲ್ಲ ನಂಜು, ಕೀವಾಗುತ್ತೆ ಅಂತ ಬರೀ ಅನ್ನದ ಗಂಜಿ ಕೊಡಿಸಿದ್ರು. ಅಜ್ಜಿಯ ಕಾಳಜಿ ದೊಡ್ಡದು, ಲೆಕ್ಕ ಮಾತ್ರ ತಲೆಕೆಳಗು. ಗಾಯ ಕೂಡೋಕೆ ಬೇಕಿರೋದೇ ಪ್ರೋಟೀನ್. ಬೇಳೆ, ಕಾಳು, ಮೊಟ್ಟೆ, ಮೊಸರು, ತಿನ್ನೋರಾದರೆ ಮೀನು. ಬೇಳೆ ತಿಂದ್ರೆ ಕೀವಾಗಲ್ಲ, ದಿನಾ ಮೂರು ಹೊತ್ತು ಗಂಜಿ ಕುಡಿದು ಶುಗರ್ ಏರಿದ್ರೆ ಆಗಬಹುದು. ಕಿಡ್ನಿ ತೊಂದರೆ ಇರುವವರು ಮಾತ್ರ ಪ್ರೋಟೀನ್ ಎಷ್ಟು ಅಂತ ಕೇಳಿಕೊಂಡು ತಿನ್ನಲಿ.

ನಾನು ದಿನಾ ಬೆಳಿಗ್ಗೆ, ರಾತ್ರಿ ಅಮ್ಮನ ರೀಡಿಂಗನ್ನ ಫೋನಲ್ಲಿ ಬರೆದಿಡ್ತಿದ್ದೆ. 148, 156, 151, ಹೀಗೇ ಇತ್ತು. ಆರನೇ ದಿನ ಬೆಳಿಗ್ಗೆ 212. ಕಿತ್ತಳೆ ಸುಲಿದ ಕೈಯಲ್ಲಿ ಚುಚ್ಚಿದ್ರೆ ಸುಳ್ಳು ರೀಡಿಂಗ್ ಬರುತ್ತೆ ಅಂತ ಗೊತ್ತಿತ್ತು, ಕೈ ಸೋಪಲ್ಲಿ ತೊಳೆಸಿ ಮತ್ತೆ ನೋಡಿದೆ. 208. ರಾತ್ರಿ 244. ಊಟ ಬದಲಾಗಿರಲಿಲ್ಲ, ಇನ್ಸುಲಿನ್ ತಪ್ಪಿರಲಿಲ್ಲ. ಅಮ್ಮ ‘ನೋವೇನೂ ಇಲ್ಲ, ಸುಮ್ನಿರು’ ಅಂದಳು. ಬ್ಯಾಂಡೇಜ್ ಬಿಚ್ಚಿಸಿ ನೋಡಿದ್ರೆ ಹೊಕ್ಕುಳ ಹತ್ತಿರದ ತೂತಿನ ಸುತ್ತ ಕೆಂಪು, ಸ್ವಲ್ಪ ಒದ್ದೆ.

ಈ ಆಪರೇಷನ್‌ನಲ್ಲಿ ಸೋಂಕು ಸಾಮಾನ್ಯವಾಗಿ ಹಿಡಿಯೋದೂ ಅಲ್ಲೇ. ಶುಗರ್‌ನಿಂದ ನರ ಮಂಕಾದವರಿಗೆ ನೋವು ಗೊತ್ತಾಗದೇ ಇರಬಹುದು, ಜ್ವರವೂ ತಡವಾಗಿ ಬರಬಹುದು. ಕಾರಣ ಇಲ್ಲದೆ ಏರುವ ಶುಗರ್ ಕೆಲವು ಸಲ ಸೋಂಕಿನ ಮೊದಲ ಸುದ್ದಿ. ಮಾರನೇ ಬೆಳಿಗ್ಗೆಯೇ ಆಸ್ಪತ್ರೆಗೆ ಕರ್ಕೊಂಡು ಹೋದ್ವಿ. ಒಂದು ಹೊಲಿಗೆ ಬಿಚ್ಚಿ ಕೀವು ತೆಗೆದು ತೊಳೆದ್ರು, ಆಂಟಿಬಯಾಟಿಕ್ ಕೊಟ್ಟರು, ದಿನ ಬಿಟ್ಟು ದಿನ ಡ್ರೆಸ್ಸಿಂಗ್. ಮನೆಯಲ್ಲಿ ಅರಿಶಿನ, ಕಾಫಿಪುಡಿ ಹಾಕೋಣ ಅಂತ ಸಲಹೆ ಬಂದಿತ್ತು. ಹಾಕಲಿಲ್ಲ. ತೆರೆದ ಗಾಯಕ್ಕೆ ಅಡುಗೆಮನೆಯ ಪುಡಿ ಯಾವುದೂ ಬೇಡ.

ಮನೆಗೆ ಬಂದ ಮೇಲೆ ಇನ್ನೊಂದೆರಡು ನೋಡ್ಕೊಳ್ಳಿ. ಮಲಗಿದ್ದಲ್ಲೇ ಮಲಗಿದ್ರೆ ಕಾಲಲ್ಲಿ ರಕ್ತ ಹೆಪ್ಪುಗಟ್ಟಬಹುದು, ಹಿಮ್ಮಡಿಯಲ್ಲಿ ಹುಣ್ಣಾಗಬಹುದು. ಡಾಕ್ಟರ್ ಒಪ್ಪಿದ ದಿನದಿಂದಲೇ ಕೈ ಹಿಡಿದು ನಾಲ್ಕು ಹೆಜ್ಜೆ ನಡೆಸಿ. ಏಳುವಾಗ ಮೊದಲು ಕೂರಿಸಿ, ಆಮೇಲೆ ನಿಲ್ಲಿಸಿ, ಯಾಕಂದ್ರೆ ಶುಗರ್ ಇದ್ದವರಿಗೆ ಎದ್ದ ತಕ್ಷಣ ಬಿಪಿ ಬಿದ್ದು ತಲೆ ತಿರುಗಬಹುದು. ದಿನಾ ಒಂದು ಸಲ ಪಾದ ನೋಡಿ. ಗ್ಲಿಫ್ಲೋಜಿನ್ ಮಾತ್ರೆಯನ್ನು ಊಟ ಸರಿಯಾಗಿ ಸೇರುವವರೆಗೆ ನೀವಾಗಿ ಮತ್ತೆ ಶುರು ಮಾಡಬೇಡಿ. ಶುಗರ್ 70ಕ್ಕಿಂತ ಕೆಳಗೆ ಬಂದ್ರೆ, ಪ್ರಜ್ಞೆ ಇದ್ದು ನುಂಗೋಕೆ ಆಗುವವರಿಗೆ ಮೂರು ಚಮಚ ಸಕ್ಕರೆ ನೀರಲ್ಲಿ ಕದಡಿ ಕೊಡಿ, ಕಾಲು ಗಂಟೆ ಬಿಟ್ಟು ಮತ್ತೆ ಚುಚ್ಚಿ ನೋಡಿ.

ಅಮ್ಮನ ಗಾಯ ಪೂರ್ತಿ ಒಣಗೋಕೆ ಇನ್ನೂ ಮೂರು ವಾರ ಹಿಡೀತು. ಈಗ ಆರಾಮಾಗಿದ್ದಾಳೆ. ‘ಬಿಳೀದು ಎರಡು, ಹಳದಿ ಒಂದು’ ಅಂತಲೇ ಈಗಲೂ ಹೇಳ್ತಾಳೆ. ಆದರೆ ನನ್ನ ಫೋನಲ್ಲಿ, ತಂಗಿ ಫೋನಲ್ಲಿ, ಚಿಕ್ಕಪ್ಪನ ಫೋನಲ್ಲೂ ಆ ಮಾತ್ರೆಗಳ ಹೆಸರಿದೆ. ಚಿಕ್ಕಪ್ಪನಿಗೆ ಹೋದ ತಿಂಗಳು ಹರ್ನಿಯಾ ಅಂತ ಗೊತ್ತಾಯ್ತು. ಸರ್ಜನ್ ದಿನ ಕೊಡೋಕೆ ಮುಂಚೆಯೇ ಅವರು ನನಗೆ ಫೋನ್ ಮಾಡಿ, ‘ಲೋ, ಆ ಮೂರು ತಿಂಗಳ ಟೆಸ್ಟ್ ಇದೆಯಲ್ಲ, ಅದರ ಹೆಸರೇನು?’ ಅಂತ ಕೇಳಿದ್ರು.